ಮನೆಯಲ್ಲೇ ಬಿಯರ್ ತಯಾರಿಸುವ ಕಿಟ್: ಸಲಕರಣೆ ಚೆನ್ನ, ಕೈಪಿಡಿ ಅವಸರದ್ದು

ಹೊಸಬರಿಗೆಂದೇ ಮಾರುವ ಕಿಟ್ ಒಂದನ್ನು ತರಿಸಿಕೊಂಡು ಮೊದಲ ಬಾರಿಗೆ 23 ಲೀಟರ್ ಬಿಯರ್ ತಯಾರಿಸಿದ್ದೇನೆ. ಪೆಟ್ಟಿಗೆಯಲ್ಲಿ ಮುಚ್ಚಳವಿರುವ 30 ಲೀಟರಿನ ಪ್ಲಾಸ್ಟಿಕ್ ಬಕೆಟ್, ಒಳಗಿನ ಅನಿಲವನ್ನು ಹೊರಬಿಟ್ಟು ಹೊರಗಿನ ಗಾಳಿಯನ್ನು ತಡೆಯುವ ಏರ್‌ಲಾಕ್, ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್, ಬಾಟಲಿ ತುಂಬುವ ಕೊಳವೆ, ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂ) ಸೇರಿಸಿದ 1.7 ಕಿಲೋ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಪಾಕದ ಡಬ್ಬಿ ಮತ್ತು ಯೀಸ್ಟಿನ ಸಣ್ಣ ಪೊಟ್ಟಣ ಇದ್ದವು. ಬಕೆಟ್ ದೊಡ್ಡದಾಗಿರುವುದು ಒಳ್ಳೆಯದೇ ಆಯಿತು. ಎರಡನೆಯ ದಿನ ಎದ್ದ ನೊರೆ ಮುಚ್ಚಳಕ್ಕೆ ನಾಲ್ಕು ಬೆರಳು ಕೆಳಗೆ ಬಂದು ನಿಂತಿತ್ತು.

ನನ್ನ ತಕರಾರೆಲ್ಲ ಜೊತೆಗೆ ಬಂದ ಕೈಪಿಡಿಯ ಮೇಲೆ. ಏಳು ದಿನಗಳಲ್ಲಿ ಗುಳ್ಳೆ ನಿಲ್ಲುತ್ತದೆ, ಕೂಡಲೇ ಬಾಟಲಿಗೆ ತುಂಬಿ ಎಂದು ಅದು ಹೇಳುತ್ತದೆ. ಏಳನೆಯ ದಿನ ಏರ್‌ಲಾಕಿನಲ್ಲಿ ಗುಳ್ಳೆಯೇನೋ ನಿಂತಿತ್ತು, ಆದರೆ ಹೈಡ್ರೋಮೀಟರ್ 1.018 ತೋರಿಸುತ್ತಿತ್ತು (ನೀರಿಗೆ ಇದು 1.000; ಸಕ್ಕರೆ ಹುದುಗಿದಂತೆಲ್ಲ ಅಂಕಿ ಇಳಿಯುತ್ತದೆ). ಮುಚ್ಚಳ ಸ್ವಲ್ಪ ಸಡಿಲವಿದ್ದರೂ ಅನಿಲ ಬೇರೆ ದಾರಿಯಲ್ಲಿ ಹೊರಹೋಗುತ್ತದೆಯಾದ್ದರಿಂದ ಗುಳ್ಳೆಯನ್ನು ನಂಬಿ ಕೂರುವಂತಿಲ್ಲ. ಇನ್ನೂ ಆರು ದಿನ ಬಿಟ್ಟಾಗ ಅಳತೆ 1.010ಕ್ಕೆ ಇಳಿದು, ಮುಂದಿನ ಮೂರು ದಿನವೂ ಅಲ್ಲೇ ನಿಂತಿತು. ಮೊದಲ ದಿನದ ಅಳತೆ 1.042 ಇದ್ದುದರಿಂದ, ಎರಡರ ವ್ಯತ್ಯಾಸವನ್ನು 131ರಿಂದ ಗುಣಿಸಿದರೆ ಮದ್ಯಾಂಶ ಸುಮಾರು ಶೇ. 4.2 ಎಂದಾಗುತ್ತದೆ. ಕೈಪಿಡಿಯ ಮಾತು ಕೇಳಿ ಏಳನೆಯ ದಿನವೇ ತುಂಬಿದ್ದರೆ, ಗುಳ್ಳೆಗಾಗಿ ನಾವು ಬಾಟಲಿಗೆ ಹಾಕುವ ಲೀಟರಿಗೆ 6ರಿಂದ 8 ಗ್ರಾಂ ಸಕ್ಕರೆಯ ಜೊತೆಗೆ, ಅದರ ಎರಡರಷ್ಟಕ್ಕೂ ಹೆಚ್ಚು ಸಕ್ಕರೆ ಒಳಗೇ ಉಳಿದಿರುತ್ತಿತ್ತು. ಅದು ಹುದುಗಿ ಹುಟ್ಟುವ ಅನಿಲದಿಂದ ಗಾಜಿನ ಬಾಟಲಿ ಸಿಡಿಯಲು ಅಷ್ಟು ಸಾಕು. ಹೈಡ್ರೋಮೀಟರಿನಂಥ ಮುಖ್ಯ ಸಲಕರಣೆಗೆ ಕೈಪಿಡಿಯಲ್ಲಿ ಸಿಕ್ಕಿರುವುದು ಒಂದೇ ಸಾಲು, ಅದೂ 'ಬೇಕಿದ್ದರೆ ಬಳಸಿ' ಎಂದು!

ಪಾತ್ರೆ, ಕೊಳವೆ, ಚಮಚಗಳನ್ನೆಲ್ಲ ತೊಳೆದ ಮೇಲೆ ಸೋಂಕುನಿವಾರಕದಲ್ಲಿ ಅದ್ದಬೇಕೆಂಬುದನ್ನು ಮಾತ್ರ ಅದು ಸರಿಯಾಗಿಯೇ ಒತ್ತಿ ಹೇಳಿದೆ. ನೀರಿನ ಬಗ್ಗೆ ಮೌನ. ಕ್ಲೋರಿನ್ ಇರುವ ನೀರನ್ನು ಕುದಿಸಿ ಆರಿಸದೆ ಬಳಸಿದರೆ ಬಿಯರಿಗೆ ಔಷಧದ ವಾಸನೆ ಹತ್ತಬಹುದು.

ಯೀಸ್ಟಿನ ಪೊಟ್ಟಣದ ಮೇಲೆ ತಯಾರಿಕೆಯ ದಿನಾಂಕವಿರಲಿಲ್ಲ. ನನಗೆ ಅದು ಕೆಲಸ ಮಾಡಿತು, ಆದರೆ ಡಬ್ಬಿಯ ಮುಚ್ಚಳದಡಿ ಎಷ್ಟು ಕಾಲ ಬಿಸಿಯಲ್ಲಿ ಕುಳಿತಿತ್ತೋ ಯಾರು ಬಲ್ಲರು, ಮುಂದಿನ ಸಲ ಬೇರೆಯದನ್ನೇ ಕೊಳ್ಳುವೆ. ಏಲ್ (ಬೆಚ್ಚಗಿನ ಹದದಲ್ಲಿ ಹುದುಗಿಸುವ ಬಿಯರ್) ಬಗೆಯ ಯೀಸ್ಟಿಗೆ 18ರಿಂದ 22 ಡಿಗ್ರಿ ಹಿತ; ಅದಕ್ಕಿಂತ ಬಿಸಿಯಾದರೆ ಕಟುವಾದ ಮದ್ಯದ ಗಾಟು ಬರುತ್ತದೆ. ಬಕೆಟ್ಟಿಗೆ ಅಂಟಿಸುವ ತಾಪಮಾಪಕ ಪಟ್ಟಿ ಈ ಮಟ್ಟಿಗೆ ಉಪಕಾರಿ.

ರುಚಿಯ ವಿಷಯಕ್ಕೆ ಬಂದರೆ, ಬಾಟಲಿಗೆ ತುಂಬಿದ ಎರಡು ವಾರಕ್ಕೆ ತೆರೆದದ್ದು ಹಸಿರು ಸೇಬಿನಂತೆ ಒಗರಾಗಿತ್ತು, ಐದನೆಯ ವಾರಕ್ಕೆ ಆ ಒಗರು ಬಹುಪಾಲು ಹೋಗಿತ್ತು. ತಳದ ಗಷ್ಟು ಕದಡದಂತೆ ಬಗ್ಗಿಸಿದರೆ ಬಣ್ಣ ತಿಳಿ, ನೊರೆಯೂ ನಿಲ್ಲುತ್ತದೆ, ಬಾಯಿಗೆ ಮಾತ್ರ ತೆಳು. ಕೈಪಿಡಿ ಸೂಚಿಸುವ ಒಂದು ಕಿಲೋ ಸಕ್ಕರೆಯೇ ಇದಕ್ಕೆ ಕಾರಣ: ಅದು ಪೂರ್ತಿ ಹುದುಗಿ ಮದ್ಯವಾಗುತ್ತದೆಯೇ ಹೊರತು ರುಚಿಯನ್ನೇನೂ ಉಳಿಸುವುದಿಲ್ಲ. ಎರಡನೆಯ ಸರದಿಗೆ ಅದರ ಬದಲು ಮಾಲ್ಟ್ ಪುಡಿಯನ್ನು ತರಿಸಿಟ್ಟಿದ್ದೇನೆ. ಬಕೆಟ್ ಮತ್ತು ಹೈಡ್ರೋಮೀಟರ್ ಎರಡಕ್ಕಾಗಿಯೇ ಈ ಕಿಟ್ಟನ್ನು ಕೊಳ್ಳಬಹುದು.