ಲೆಕ್ಕಪತ್ರದವರಿಗಾಗಿ ಕಂಪ್ಯೂಟರ್ ಕೋರ್ಸ್: 12 ವಾರ ಕೂತು ಕಲಿತ ಮೇಲೆ

ಲೆಕ್ಕಪತ್ರದ ಕೆಲಸಕ್ಕೆ ಸೇರಿ ನನಗೆ 19 ವರ್ಷ ಆಯಿತು. ಮೊದಲ ನಾಲ್ಕು ವರ್ಷ ದಪ್ಪ ಲೆಡ್ಜರ್ ಪುಸ್ತಕ, ಆಮೇಲೆಲ್ಲ ಕಂಪ್ಯೂಟರ್. ಸಾಫ್ಟ್‌ವೇರ್ ಯಾರೋ ಹಾಕಿಕೊಟ್ಟರು, ಯಾವ ಕೀ ಒತ್ತಬೇಕು ಅಂತ ಯಾರೋ ತೋರಿಸಿದರು, ಅಷ್ಟರಲ್ಲೇ ಇಷ್ಟು ವರ್ಷ ನಡೆದುಹೋಯಿತು. ವೋಚರ್, ಅಂದರೆ ಒಂದು ವ್ಯವಹಾರದ ದಾಖಲೆ, ಹಾಕಿ ಎಂಟರ್ ಒತ್ತಿದ ಮೇಲೆ ಒಳಗೆ ಏನಾಗುತ್ತದೆ ಅಂತ ಕೇಳಿದ್ದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ನನ್ನ ಕೈಕೆಳಗೆ ಇಬ್ಬರು ಹೊಸಬರು ಕೆಲಸ ಕಲಿಯುತ್ತಿದ್ದಾರೆ. ಅವರು ಕೇಳುತ್ತಾರೆ. ಅದಕ್ಕೇ ಈ ಕೋರ್ಸ್‌ಗೆ ಸೇರಿದೆ.

ಲೆಕ್ಕಪತ್ರ ವೃತ್ತಿಯವರಿಗೆ ಕಂಪ್ಯೂಟರ್ ಮೂಲಪಾಠ ಮತ್ತು ಮಾಹಿತಿ ವ್ಯವಸ್ಥೆ ಹೇಳಿಕೊಡುವ ಆನ್‌ಲೈನ್ ತರಗತಿ ಇದು. 12 ವಾರ, ವಾರಕ್ಕೆ ಎರಡು ಸಂಜೆ, ಒಂದೊಂದು ತರಗತಿ ಒಂದೂವರೆ ಗಂಟೆ. ವಾರದ ಕೊನೆಗೆ ಒಂದು ಫೈಲ್ ಕಳಿಸುತ್ತಾರೆ, ಅದನ್ನು ಸರಿ ಮಾಡಿ ಹಿಂದಕ್ಕೆ ಕಳಿಸಬೇಕು. ನಡೆಸುವವರ ಹೆಸರು ಹಾಕುತ್ತಿಲ್ಲ, ಕುಂದುಕೊರತೆಗಳನ್ನೂ ಬರೆಯುತ್ತಿದ್ದೇನೆ ಅಲ್ವಾ. ಇಂಥ ಕೋರ್ಸ್ ಬೇಕಾದಷ್ಟಿವೆ. ಸೇರುವ ಮೊದಲು ಏನು ನೋಡಬೇಕು ಅನ್ನುವುದಕ್ಕೆ ಇದು ಉಪಯೋಗಕ್ಕೆ ಬಂದರೆ ಸಾಕು.

ಮೊದಲ ಮೂರು ವಾರ ತುಂಬ ಎಳೆದರು. ಕೀಬೋರ್ಡ್ ಇನ್‌ಪುಟ್, ಪ್ರಿಂಟರ್ ಔಟ್‌ಪುಟ್, ನಡುವೆ ಸಿಪಿಯು, ಹೀಗೇ. ಒಂದು ವಾರದಲ್ಲಿ ಮುಗಿಯುವ ಪಾಠ. ಆದರೆ ಇತಿಹಾಸಕ್ಕೆ ಇಟ್ಟ ಒಂದು ತರಗತಿ ನನಗೆ ಬಹಳ ಇಷ್ಟವಾಯಿತು. ಇಂಗ್ಲೆಂಡಿನಲ್ಲಿ ಟೀ ಅಂಗಡಿಗಳನ್ನು ನಡೆಸುತ್ತಿದ್ದ ಲಯನ್ಸ್ ಅನ್ನುವ ಕಂಪನಿ ತನ್ನದೇ ಕಂಪ್ಯೂಟರ್ ಕಟ್ಟಿಸಿಕೊಂಡಿತ್ತು. ಅದರ ಹೆಸರು ಲಿಯೋ. 1951ರಲ್ಲಿ ಅದು ಮಾಡಿದ ಮೊದಲ ಕಚೇರಿ ಕೆಲಸ ಬೇಕರಿಯ ಲೆಕ್ಕ. ವಿಜ್ಞಾನಿಗಳ ಕೈಯಿಂದ ಆಚೆ ಬಂದ ಕಂಪ್ಯೂಟರ್ ಮೊದಲು ಬಂದು ಕೂತದ್ದು ನಮ್ಮಂಥವರ ಮೇಜಿನ ಹತ್ತಿರ ಅಂತ ಗೊತ್ತಾದಾಗ ಖುಷಿಯಾಯಿತು. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಮಾಡಿದ ವಿಸಿಕ್ಯಾಲ್ಕ್ ಬಗ್ಗೆಯೂ ಹೇಳಿದರು. ಒಂದು ಅಂಕಿ ತಿದ್ದಿದರೆ ಕೆಳಗಿನ ಮೊತ್ತ ತಾನೇ ಬದಲಾಗುವ ಹಾಳೆ ಸಣ್ಣ ಕಂಪ್ಯೂಟರಿಗೆ ಬಂದದ್ದು ಅಲ್ಲಿಂದ.

ನಾಲ್ಕನೇ ವಾರದಿಂದ ಕೋರ್ಸ್‌ಗೆ ಜೀವ ಬಂತು.

ಸ್ಪ್ರೆಡ್‌ಶೀಟ್ ಪಾಠದ ಮೊದಲ ದಿನ ಮೇಷ್ಟ್ರು ಎಂಟು ಸಾಲಿನ ಒಂದು ಫೈಲ್ ಕೊಟ್ಟರು. ಕೆಳಗೆ ಸಮ್, ಅಂದರೆ ಕೂಡುವ ಸೂತ್ರ, ಹಾಕಿ ಅಂದರು. ಹಾಕಿದೆವು. "ಈಗ ಬಾಯಲ್ಲೇ ಕೂಡಿ" ಅಂದರು. ಕೂಡಿದರೆ 600 ಜಾಸ್ತಿ ಬಂತು! ಎಂಟೇ ಸಾಲು, ಎಲ್ಲರ ಪರದೆಯ ಮೇಲೂ ಅದೇ ತಪ್ಪು ಮೊತ್ತ. ಐದು ನಿಮಿಷ ಯಾರಿಗೂ ಹೊಳೆಯಲಿಲ್ಲ. ಆಮೇಲೆ ಒಬ್ಬರು ಹೇಳಿದರು, "ಸರ್, ಐದನೇ ಸಾಲಿನ 600 ಎಡಕ್ಕೆ ಅಂಟಿಕೊಂಡಿದೆ." ಅಷ್ಟೇ ವಿಷಯ. ಬೇರೆ ಕಡೆಯಿಂದ ಕಾಪಿ ಮಾಡಿ ತಂದಾಗ ಆ 600 ಅಂಕಿಯಾಗಿ ಬರಲಿಲ್ಲ, ಅಕ್ಷರವಾಗಿ ಬಂದು ಕೂತಿತ್ತು. ಎಕ್ಸೆಲ್‌ನಲ್ಲಿ ಸಮ್ ಅಂಥದ್ದನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ. ಅದೇ ಕೋಶಗಳನ್ನು ಒಂದೊಂದಾಗಿ ಪ್ಲಸ್ ಹಾಕಿ ಕೂಡಿದರೆ ಆ 600 ಕೂಡ ಸೇರುತ್ತದೆ. ಒಂದೇ ಕಾಲಂ, ಎರಡು ಉತ್ತರ. ನಾನು ಇಷ್ಟು ವರ್ಷದಲ್ಲಿ ಎಷ್ಟು ಸ್ಟೇಟ್‌ಮೆಂಟ್ ಹೀಗೆ ಕಾಪಿ ಮಾಡಿ ತಂದು ಸಮ್ ಹಾಕಿದ್ದೇನೋ! ಆ ರಾತ್ರಿಯೇ ಹಳೆ ಫೈಲ್‌ಗಳನ್ನು ತೆಗೆದು ನೋಡುತ್ತಾ ಕೂತೆ.

ಪೈಸೆಯಷ್ಟು ವ್ಯತ್ಯಾಸದ ಪಾಠವೂ ಹೀಗೇ. 100ನ್ನು ಮೂರು ಜನಕ್ಕೆ ಹಂಚಿ, ದಶಮಾಂಶ ಎರಡೇ ತೋರಿಸು ಅಂತ ಫಾರ್ಮ್ಯಾಟ್ ಮಾಡಿದರೆ ಮೂರು ಕಡೆಯೂ 33.33 ಕಾಣುತ್ತದೆ. ಕೆಳಗಿನ ಮೊತ್ತ ಮಾತ್ರ 100.00. ಕಾಗದದ ಮೇಲೆ ಕೂಡಿದವರಿಗೆ 99.99. ಕಾಣಿಸುವುದು ಬೇರೆ, ಒಳಗಿರುವುದು ಬೇರೆ. ರೌಂಡ್ ಅನ್ನುವ ಸೂತ್ರ ಹಾಕಿದರೆ ಮಾತ್ರ ಒಳಗಿನ ಅಂಕಿಯೂ 33.33 ಆಗುತ್ತದೆ. ಉಳಿದ 0.01 ಯಾರ ಲೆಕ್ಕಕ್ಕೆ ಹೋಗಬೇಕು ಅಂತ ಆಗ ನಾವೇ ತೀರ್ಮಾನ ಮಾಡಿ ಬರೆಯಬೇಕು.

ಫೈಲ್ ಮಾದರಿಯ ವಿಷಯ ಬಂದಾಗ ಮೇಷ್ಟ್ರು ಇಂಗ್ಲೆಂಡಿನ ಕೊರೊನಾ ಲೆಕ್ಕದ ಉದಾಹರಣೆ ಕೊಟ್ಟರು. 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವೆ 15,841 ಪ್ರಕರಣಗಳು ದಿನದ ಲೆಕ್ಕದಿಂದ ಬಿಟ್ಟುಹೋಗಿದ್ದವು. ಎಕ್ಸೆಲ್‌ನ ಹಳೆ ಎಕ್ಸ್‌ಎಲ್‌ಎಸ್ ಮಾದರಿಯ ಫೈಲ್‌ನಲ್ಲಿ ಒಂದು ಹಾಳೆಗೆ 65,536 ಸಾಲಷ್ಟೇ ಹಿಡಿಯುತ್ತದೆ. ಮಿಕ್ಕದ್ದು ಒಳಗೆ ಸೇರಲೇ ಇಲ್ಲ. ಹೊಸ ಮಾದರಿಯಲ್ಲಿ 10,48,576 ಸಾಲು ಹಿಡಿಯುತ್ತದೆ, ಆದರೂ ಮಿತಿ ಮಿತಿಯೇ. ಕಳಿಸಿದ್ದು ಎಷ್ಟು ಸಾಲು, ಬಂದದ್ದು ಎಷ್ಟು ಸಾಲು ಅಂತ ಎಣಿಸಿ ನೋಡಿ ಅಂದರು. ಫೈಲ್ ಇಂಪೋರ್ಟ್ ಮಾಡಿದಾಗಲೆಲ್ಲ ಈಗ ನಾನು ಮೊದಲು ಸಾಲು ಎಣಿಸುತ್ತೇನೆ.

ಈ ಕೋರ್ಸ್‌ನಲ್ಲಿ ನನಗೆ ಅತಿ ಹೆಚ್ಚು ಸಿಕ್ಕಿದ್ದು ಏಳನೇ ವಾರ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎಲ್ಲ ಖಾತೆಗಳ ಡೆಬಿಟ್ ಮೊತ್ತ, ಕ್ರೆಡಿಟ್ ಮೊತ್ತ ಸಮ ಇದೆಯೇ ಅಂತ ನೋಡುವ ಪಟ್ಟಿಗೆ ಟ್ರಯಲ್ ಬ್ಯಾಲೆನ್ಸ್ ಅನ್ನುತ್ತಾರೆ. ಪುಸ್ತಕದ ಕಾಲದಲ್ಲಿ ಅದು ತಾಳೆ ಆಗದಿದ್ದರೆ ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡುತ್ತಿದ್ದೆವು. ಪೂರ್ತಿ ಭಾಗವಾದರೆ ಎಲ್ಲೋ ಅಂಕಿ ಅದಲುಬದಲಾಗಿರಬಹುದು ಅಂತ. 4,750 ಬರೆಯುವ ಕಡೆ 4,570 ಬರೆದರೆ ವ್ಯತ್ಯಾಸ 180, ಅಂದರೆ 9 ಇಪ್ಪತ್ತಲೆ. ನನ್ನ ಮೊದಲ ಹಿರಿಯ ಸಹೋದ್ಯೋಗಿ ಕಲಿಸಿದ ಉಪಾಯ ಅದು. ಸಾಫ್ಟ್‌ವೇರ್ ಬಂದ ಮೇಲೆ ಮರೆತೇ ಹೋಗಿತ್ತು, ಯಾಕೆಂದರೆ ಟ್ರಯಲ್ ಬ್ಯಾಲೆನ್ಸ್ ಯಾವಾಗಲೂ ತಾಳೆ ಆಗುತ್ತಿತ್ತು.

ಯಾಕೆ ಯಾವಾಗಲೂ ತಾಳೆ ಆಗುತ್ತದೆ? ಡೆಬಿಟ್, ಕ್ರೆಡಿಟ್ ಸಮ ಇಲ್ಲದ ವೋಚರನ್ನು ಸಾಫ್ಟ್‌ವೇರ್ ಒಳಗೇ ಬಿಡುವುದಿಲ್ಲ. ನಾನು ತಪ್ಪಿ 4,570 ಹಾಕಿದರೆ ಎರಡೂ ಕಡೆ 4,570 ಕೂರುತ್ತದೆ. ತಪ್ಪು ಖಾತೆಗೆ ಹಾಕಿದರೂ ಮೊತ್ತ ಸರಿಯೇ. ಅಂದರೆ ಟ್ರಯಲ್ ಬ್ಯಾಲೆನ್ಸ್ ತಾಳೆ ಆಯಿತು ಅಂತ ನಾನು ಹದಿನೈದು ವರ್ಷ ನೆಮ್ಮದಿಪಟ್ಟದ್ದಕ್ಕೆ ದೊಡ್ಡ ಆಧಾರವೇ ಇರಲಿಲ್ಲ. ತಪ್ಪುಗಳು ಮೊದಲಿನಷ್ಟೇ ಇದ್ದವು, ಅವು ಅಡಗುವ ಜಾಗ ಬೇರೆಯಾಗಿತ್ತು.

ಆ ವಾರದ ಮನೆಗೆಲಸ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. 40 ವೋಚರಿನ ಒಂದು ಕಟ್ಟು, ಅದನ್ನು ಯಾರೋ ಟೈಪ್ ಮಾಡಿದ ಪಟ್ಟಿ, ಮೇಲೆ ಒಂದು ಚೀಟಿ. ಚೀಟಿಯಲ್ಲಿ ಮೂರು ಅಂಕಿ: ವೋಚರ್ ಎಷ್ಟು, ಮೊತ್ತ ಎಷ್ಟು, ಖಾತೆ ಸಂಖ್ಯೆಗಳನ್ನೆಲ್ಲ ಕೂಡಿದರೆ ಎಷ್ಟು. ಮೂರನೆಯದನ್ನು ಹ್ಯಾಶ್ ಟೋಟಲ್ ಅನ್ನುತ್ತಾರೆ. ಖಾತೆ ಸಂಖ್ಯೆ ಕೂಡಿ ಏನು ಸಿಗುತ್ತದೆ, ಅದಕ್ಕೆ ಅರ್ಥವೇ ಇಲ್ಲವಲ್ಲ ಅಂದುಕೊಂಡೆ. ಆದರೂ ಕೂಡಿದೆ. ವೋಚರ್ 40 ಸರಿ. ಮೊತ್ತ ಸರಿ. ಹ್ಯಾಶ್ ಟೋಟಲ್ ಮಾತ್ರ 63 ಜಾಸ್ತಿ. 63, ಒಂಬತ್ತೇಳಲೆ ಅರವತ್ತಮೂರು! ಹಳೆ ಉಪಾಯ ತಟ್ಟನೆ ನೆನಪಾಯಿತು. ಕೊನೆಯ ಎರಡು ಅಂಕಿ ಅದಲುಬದಲಾದ ಖಾತೆ ಹುಡುಕುತ್ತಾ ಹೋದೆ. 27ನೇ ವೋಚರ್. 2107 ಅಂತ ಇರಬೇಕಾದ ಕಡೆ 2170. ರಿಪೇರಿ ಖರ್ಚು ಹೋಗಿ ಬಾಡಿಗೆ ಖಾತೆಗೆ ಕೂತಿತ್ತು. ಇದನ್ನು ಟ್ರಯಲ್ ಬ್ಯಾಲೆನ್ಸ್ ಹಿಡಿಯುವುದಿಲ್ಲ, ಮೊತ್ತದ ತಾಳೆಯೂ ಹಿಡಿಯುವುದಿಲ್ಲ. ಅರ್ಥವಿಲ್ಲದ ಆ ಮೊತ್ತ ಹಿಡಿಯಿತು.

ಉತ್ತರ ಕಳಿಸಿದ ಎರಡು ದಿನಕ್ಕೆ ಮೇಷ್ಟ್ರು ಅದೇ ಕೋಶದಲ್ಲಿ ಟಿಪ್ಪಣಿ ಹಾಕಿ ಹಿಂದಕ್ಕೆ ಕಳಿಸಿದ್ದರು: "9ರ ಉಪಾಯ ಎಲ್ಲಿ ಕಲಿತಿರಿ? ಮುಂದಿನ ತರಗತಿಯಲ್ಲಿ ಎಲ್ಲರಿಗೂ ಹೇಳಿ." ಹೇಳಿದೆ. ಪ್ರತಿಯೊಬ್ಬರ ಫೈಲನ್ನೂ ಅವರು ಹೀಗೇ ತೆರೆದು, ಓದಿ, ಕೋಶಕ್ಕೆ ಕೋಶ ಬರೆಯುತ್ತಾರೆ. ಈ ಕೋರ್ಸ್‌ನ ದೊಡ್ಡ ಗುಣ ಇದು.

ಎಂಟು, ಒಂಬತ್ತನೇ ವಾರ ಯಾರಿಗೆ ಎಷ್ಟು ಅಧಿಕಾರ ಅನ್ನುವ ಪಾಠ. ಹೊಸ ಸಪ್ಲೈಯರ್ ಖಾತೆ ತೆರೆಯುವವರೇ ಅವರಿಗೆ ಪಾವತಿ ಮಾಡಬಾರದು. ತಿದ್ದಿದ್ದು ಯಾರು, ಯಾವಾಗ, ಮೊದಲು ಏನಿತ್ತು ಅನ್ನುವುದು ಆಡಿಟ್ ಟ್ರೇಲ್‌ನಲ್ಲಿ ಉಳಿಯಬೇಕು. ನಮ್ಮಲ್ಲಿ ಮೂರು ಜನಕ್ಕೂ ಒಂದೇ ಪಾಸ್‌ವರ್ಡ್ ಇತ್ತು. ಹಾಗಿದ್ದರೆ ಆಡಿಟ್ ಟ್ರೇಲ್ ಇದ್ದೂ ಏನು ಪ್ರಯೋಜನ? ಎಲ್ಲಾ ಕಡೆ ಒಂದೇ ಹೆಸರು. ಮುಂದಿನ ಸೋಮವಾರವೇ ಮೂರು ಯೂಸರ್ ಮಾಡಿಸಿದೆ. ನನ್ನ ಕೈಕೆಳಗೆ ಕಲಿಯುತ್ತಿರುವ ಹುಡುಗಿ "ನಮ್ಮ ಮೇಲೆ ನಂಬಿಕೆ ಇಲ್ವಾ ಮೇಡಂ?" ಅಂತ ಕೇಳಿದಳು. "ನಾಳೆ ಯಾರೋ ಮಾಡಿದ ತಪ್ಪು ನಿನ್ನ ತಲೆಗೆ ಬರಬಾರದಲ್ಲಮ್ಮಾ, ಅದಕ್ಕೆ" ಅಂದೆ. ಆಗ ಒಪ್ಪಿದಳು.

ಇನ್ನು ಕೊರತೆಗಳು. ಡೇಟಾಬೇಸ್ ಪಾಠ ಬರೀ ಸ್ಲೈಡ್‌ನಲ್ಲೇ ಮುಗಿಯಿತು. ಟೇಬಲ್, ಕೀ, ಸಂಬಂಧ ಅಂತ ಚಿತ್ರ ತೋರಿಸಿದರು, ಕೈಯಲ್ಲಿ ಒಂದೂ ಮಾಡಿಸಲಿಲ್ಲ. ಗ್ರಾಹಕರ ವಿಳಾಸ ಒಂದೇ ಕಡೆ ಇರಬೇಕು, ಬಿಲ್ ಅದನ್ನು ಅಲ್ಲಿಂದ ತೆಗೆದುಕೊಳ್ಳಬೇಕು ಅನ್ನುವುದನ್ನು ನಾಲ್ಕು ಸಾಲಿನ ಟೇಬಲ್‌ನಲ್ಲಿ ಮಾಡಿಸಿದ್ದರೂ ಸಾಕಿತ್ತು. ಕೊನೆಯ ಪರೀಕ್ಷೆಯೂ ಸಪ್ಪೆ. ಸಂಕ್ಷಿಪ್ತ ರೂಪ ಬಿಡಿಸಿ ಬರೆಯಿರಿ, ಸರಿ ಉತ್ತರ ಆರಿಸಿ. ಏಳನೇ ವಾರದಂಥ ಒಂದು ಕಟ್ಟು ವೋಚರ್ ಕೊಟ್ಟು ತಪ್ಪು ಹುಡುಕಿ ಅನ್ನಬೇಕಿತ್ತು.

ಬ್ಯಾಕಪ್ ಪಾಠ ನನಗೆ ಬೇಸರ ತಂದಿತು. ತೆಗೆಯುವುದು ಹೇಗೆ ಅಂತ ಮಾತ್ರ ತೋರಿಸಿದರು. ನಾನು ಹಿಂದೆ ಇದ್ದ ಒಂದು ಕಚೇರಿಯಲ್ಲಿ ಎಂಟು ತಿಂಗಳು ದಿನಾ ಸಂಜೆ ಬ್ಯಾಕಪ್ ಆಗುತ್ತಿತ್ತು. ಡೇಟಾ ಫೋಲ್ಡರ್ ಬೇರೆ ಕಡೆ ಹೋಗಿತ್ತು, ಬ್ಯಾಕಪ್ ಮಾತ್ರ ಹಳೆಯ ಖಾಲಿ ಫೋಲ್ಡರನ್ನೇ ಕಾಪಿ ಮಾಡುತ್ತಿತ್ತು. ಡಿಸ್ಕ್ ಕೆಟ್ಟ ದಿನ ಗೊತ್ತಾಯಿತು. ಎಂಟು ತಿಂಗಳ ಲೆಕ್ಕವನ್ನು ಕಾಗದದ ವೋಚರ್ ನೋಡಿ ಮತ್ತೆ ಹಾಕಿದೆವು, ಏಳು ವಾರ ಹಿಡಿಯಿತು. ಇದನ್ನು ತರಗತಿಯಲ್ಲಿ ಹೇಳಿ, ವಾಪಸ್ ತೆಗೆದು ನೋಡುವುದನ್ನೂ ಕಲಿಸಿ ಅಂತ ಕೇಳಿಕೊಂಡೆ. ಮೇಷ್ಟ್ರು ಮುಂದಿನ ತರಗತಿಯಲ್ಲಿ 20 ನಿಮಿಷ ಜಾಸ್ತಿ ಕೂತು, ಬೇರೆ ಕಂಪ್ಯೂಟರಿನಲ್ಲಿ ರೀಸ್ಟೋರ್ ಮಾಡಿ ತೋರಿಸಿದರು. ಕೇಳಿದ್ದಕ್ಕೆ ಕಿವಿಗೊಟ್ಟರು, ಅದಕ್ಕೆ ನಮಸ್ಕಾರ. ಆದರೆ ಅದು ಪಠ್ಯದಲ್ಲೇ ಇರಬೇಕಾದ ಪಾಠ.

ಈಗಷ್ಟೇ ಕೆಲಸಕ್ಕೆ ಸೇರಿದವರಿಗಿಂತ, ನಾಲ್ಕೈದು ವರ್ಷ ಲೆಕ್ಕ ಬರೆದು ಒಂದೆರಡು ಸಲ ಪೆಟ್ಟು ತಿಂದವರಿಗೆ ಇದು ಹೆಚ್ಚು ಹಿಡಿಸುತ್ತದೆ. ಐದಕ್ಕೆ ನಾಲ್ಕು ಕೊಡುತ್ತೇನೆ. ಬೇರೆ ಕಡೆ ಇಂಥ ಕೋರ್ಸ್‌ಗೆ ಸೇರುವವರು ಮೊದಲು ಎರಡು ಪ್ರಶ್ನೆ ಕೇಳಿ: ನಮ್ಮ ಫೈಲನ್ನು ಯಾರು ತೆರೆದು ನೋಡುತ್ತಾರೆ? ರೀಸ್ಟೋರ್ ಮಾಡಿಸುತ್ತೀರಾ? ನಮ್ಮಲ್ಲಿ ಈಗ ಪ್ರತಿ ಕಟ್ಟಿನ ಮೇಲೂ ಮೂರು ಅಂಕಿಯ ಚೀಟಿ ಇರುತ್ತದೆ. ಕಳೆದ ವಾರ ಹ್ಯಾಶ್ ಟೋಟಲ್ 27 ಕಡಿಮೆ ಬಂದಾಗ ನನ್ನ ಹುಡುಗಿಯೇ 9ರಿಂದ ಭಾಗಿಸಿ, ನನ್ನನ್ನು ಕರೆಯುವ ಮೊದಲೇ ವೋಚರ್ ಹುಡುಕಿ ಇಟ್ಟಿದ್ದಳು.