ನಾಲ್ಕು ಅಡಿಯ ‘ಪ್ರಿಡೇಟರ್ ಸೆಟ್’: ಲಯನ್‌ಫಿಶ್ ಸಾಕಲು ಇಷ್ಟು ಸಾಕೇ?

ಹುಬ್ಬಳ್ಳಿಯ ಅಕ್ವೇರಿಯಂ ಅಂಗಡಿಯೊಂದರಲ್ಲಿ ಉಪ್ಪುನೀರಿನ ‘ಪ್ರಿಡೇಟರ್ ಸೆಟ್’ (ಬೇಟೆಯಾಡುವ ಮೀನಿನ ಸೆಟ್) ಅಂತ ಎಲ್ಲವನ್ನೂ ಒಟ್ಟಿಗೇ ಜೋಡಿಸಿ ಮಾರುತ್ತಾರೆ. 4×2×2 ಅಡಿಯ 12 ಎಂಎಂ ಗಾಜಿನ ಟ್ಯಾಂಕ್, ಕಬ್ಬಿಣದ ಸ್ಟ್ಯಾಂಡ್, ನೀರಿನ ಹೊಲಸು ತೆಗೆಯಲು ಹಿಂಬದಿಗೆ ನೇತುಹಾಕುವ ಸ್ಕಿಮ್ಮರ್, ನೀಲಿ-ಬಿಳಿ ಎಲ್‌ಇಡಿ, ನೀರನ್ನು ಅಲುಗಾಡಿಸುವ ವೇವ್‌ಮೇಕರ್, ಹೀಟರ್, ಸೆರಾಮಿಕ್ ಕಲ್ಲು, 20 ಕೆ.ಜಿ. ಸಮುದ್ರ ಅಕ್ವೇರಿಯಂ ಉಪ್ಪು, ಜೊತೆಗೆ ಒಂದು ಲಯನ್‌ಫಿಶ್ (ಉದ್ದ ರೆಕ್ಕೆಯ, ವಿಷಮುಳ್ಳಿನ ಸಮುದ್ರ ಮೀನು), ಒಂದು ಟ್ರಿಗರ್ (ಗಟ್ಟಿ ಹಲ್ಲಿನ ಸಮುದ್ರ ಮೀನು). ಗಾಜು, ಸ್ಟ್ಯಾಂಡ್, ಕಲ್ಲು, ಉಪ್ಪು ಚೆನ್ನಾಗಿವೆ. ಉಳಿದ ಸಾಮಾನು ಕ್ಲೌನ್‌ಫಿಶ್‌ನಂಥ ಸಣ್ಣ ಮೀನಿಗೆ ಹೊಂದುವಂಥದ್ದು. ಅದನ್ನೇ ಮಾಂಸ ತಿನ್ನುವ ದೊಡ್ಡ ಮೀನಿಗೂ ದಾಟಿಸಿದ್ದಾರೆ.

ಮೊದಲು ಚೆನ್ನಾಗಿರುವುದನ್ನು ಹೇಳೋಣ. ಲಯನ್‌ಫಿಶ್ ಒಂದೂಕಾಲು ಅಡಿಯವರೆಗೆ ಬೆಳೆಯುತ್ತದೆ, ರೆಕ್ಕೆ ಬಿಚ್ಚಿ ತಿರುಗಲು ಎರಡು ಅಡಿ ಅಗಲ ಬೇಕೇ ಬೇಕು. ಈ ಟ್ಯಾಂಕಿನಲ್ಲಿ ಅದಿದೆ. ನೀರು, ಗಾಜು, ಕಲ್ಲು ಸೇರಿ ತೂಕ 550 ಕೆ.ಜಿ. ದಾಟುವುದರಿಂದ ನೆಲಮಹಡಿಯೇ ಒಳ್ಳೆಯದು. ಧಾರವಾಡದ ಹಳೆಯ ಮನೆಗಳ ಮರದ ಅಟ್ಟದ ಮೇಲಂತೂ ಏರಿಸಲೇಬೇಡಿ. ಹವಳದ ಕಲ್ಲಿನ ಬದಲು ಸೆರಾಮಿಕ್ ಕಲ್ಲು ಕೊಡುವುದೂ ಸರಿಯಾದ ಕೆಲಸ. ಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಜೀವಿ, ಅದನ್ನು ಯಾರು ಕೊಟ್ಟರೂ ಮನೆಗೆ ತರಬಾರದು.

ಇನ್ನು ಸ್ಕಿಮ್ಮರ್. ಸೆಟ್ಟಿನ ಅತಿ ದುರ್ಬಲ ಭಾಗ ಇದೇ. ಇಡೀ ಸೀಗಡಿ ನುಂಗುವ ಮೀನು ಹೊರಹಾಕುವ ಹೊಲಸು ಅಮೋನಿಯಾ ಆಗಿ, ಆಮೇಲೆ ನೈಟ್ರೈಟ್, ನೈಟ್ರೇಟ್ ಆಗಿ ನೀರಿನಲ್ಲೇ ಉಳಿಯುತ್ತದೆ. ಹಾಗಾಗುವ ಮೊದಲೇ ಅದನ್ನು ನೊರೆಯಲ್ಲಿ ಹಿಡಿದು ಹೊರಗೆ ತೆಗೆಯುವುದು ಸ್ಕಿಮ್ಮರಿನ ಕೆಲಸ. ಡಬ್ಬಿಯ ಮೇಲೆ 400 ಲೀಟರಿಗೆ ಸಾಕು ಅಂತ ಬರೆದಿದ್ದರೆ ಅದು ಕಡಿಮೆ ತಿನ್ನುವ ಕೆಲವೇ ಮೀನುಗಳ ಲೆಕ್ಕ. ಇಂಥ ಮೀನಿಗೆ 800 ಲೀಟರಿನದೇ ಬೇಕು, ಅದನ್ನು ಸ್ಟ್ಯಾಂಡಿನ ಕೆಳಗೆ ಇಡುವ ಎರಡನೇ ಸಣ್ಣ ಟ್ಯಾಂಕಿನಲ್ಲಿ, ಅಂದರೆ ಸಂಪ್‌ನಲ್ಲಿ ಕೂರಿಸಬೇಕು. ಸರಿಯಾಗಿ ನಡೆಯುವ ಸ್ಕಿಮ್ಮರಿನ ಮೇಲಿನ ಕಪ್‌ನಲ್ಲಿ ಕಡು ಚಹಾ ಬಣ್ಣದ, ಮೂಗು ಮುಚ್ಚಿಕೊಳ್ಳುವಷ್ಟು ನಾರುವ ನೀರು ಕೂಡುತ್ತದೆ. ತಿಳಿನೀರು ತುಂಬುತ್ತಿದ್ದರೆ ಒಳಗಿನ ನೀರಿನ ಮಟ್ಟ ಹೆಚ್ಚಾಗಿದೆ ಅಂತ ಅರ್ಥ. ನೊರೆಯೇ ಏಳದಿದ್ದರೆ ಗಾಳಿ ಎಳೆಯುವ ಸಣ್ಣ ನಳಿಕೆಯ ಬಾಯಲ್ಲಿ ಬಿಳಿ ಉಪ್ಪು ಕಟ್ಟಿರುತ್ತದೆ. ಬಿಸಿನೀರಿನಲ್ಲಿ ಅದ್ದಿದರೆ ಬಿಡುತ್ತದೆ.

ಎಲ್‌ಇಡಿಗೆ ಕೊಡುವ ರೊಕ್ಕ ದಂಡ. ಲಯನ್‌ಫಿಶ್‌ಗೆ ಮಂದ ಬೆಳಕೇ ಇಷ್ಟ. ಆ ಲೈಟು ಬಿಟ್ಟು ಅದೇ ದುಡ್ಡನ್ನು ಸ್ಕಿಮ್ಮರಿಗೆ ಸೇರಿಸಿ ಕೊಡಿ ಅಂತ ಕೇಳಿ.

ನೀರಿನ ವಿಷಯ. ನಳದಲ್ಲಿ ಬರುವ ಮಲಪ್ರಭಾ ನೀರಲ್ಲಿ ಕ್ಲೋರಿನ್ ಇರುತ್ತದೆ, ಬೋರಿನ ನೀರಲ್ಲಿ ಲವಣ ಹೆಚ್ಚು. ಕ್ಯಾನ್ ನೀರನ್ನೂ ಟಿಡಿಎಸ್ ಮೀಟರ್ (ಕರಗಿದ ಲವಣ ಅಳೆಯುವ ಸಾಧನ) ಅದ್ದಿ ನೋಡದೆ ನಂಬಬಾರದು. ಉಳಿದ ಲವಣ ಹಿಡಿಯುವ ಡಿಐ ಕಾರ್ಟ್ರಿಜ್ ಇರುವ ಆರ್‌ಒ ಹಾಕಿಸಿ, ಟಿಡಿಎಸ್ ಸೊನ್ನೆಯ ಹತ್ತಿರ ಬಂದ ನೀರನ್ನೇ ಬಳಸಿ. ಡ್ರಮ್ಮಿನಲ್ಲಿ ಮೊದಲು ನೀರು, ಆಮೇಲೆ ಉಪ್ಪು. ತಿರುವುಮುರುವು ಮಾಡಿದರೆ ಕ್ಯಾಲ್ಸಿಯಂ ಗಟ್ಟಿಯಾಗಿ ನೀರು ಹಾಲಿನಂತಾಗುತ್ತದೆ. ಲೀಟರಿಗೆ ಸುಮಾರು 36 ಗ್ರಾಂ ಹಾಕಿ, ಪಂಪ್ ಬಿಟ್ಟು ಒಂದು ದಿನ ತಿರುಗಿಸಿ, ನೀರಿನ ಸಾಪೇಕ್ಷ ಸಾಂದ್ರತೆಯನ್ನು 1.023ರಿಂದ 1.025ರೊಳಗೆ ನಿಲ್ಲಿಸಿ. ಇದನ್ನು ಅಳೆಯಲು ಸೆಟ್ಟಿನ ಜೊತೆ ಕೊಡುವ ಪ್ಲಾಸ್ಟಿಕ್ ಹೈಡ್ರೋಮೀಟರಿನ ಮುಳ್ಳಿಗೆ ಒಂದು ಗುಳ್ಳೆ ಅಂಟಿದರೂ ಲೆಕ್ಕ ತಪ್ಪುತ್ತದೆ, ಅದರ ಬದಲು ರಿಫ್ರಾಕ್ಟೋಮೀಟರ್ ಕೊಳ್ಳಿ. 400 ಲೀಟರ್ ತುಂಬಲು ಹದಿನಾಲ್ಕೂವರೆ ಕೆ.ಜಿ. ಉಪ್ಪು ಹೋಗುತ್ತದೆ. ಹದಿನೈದು ದಿನಕ್ಕೊಮ್ಮೆ 80 ಲೀಟರ್ ಬದಲಿಸಲು ಪ್ರತಿ ಸಲ ಸುಮಾರು 3 ಕೆ.ಜಿ. ಬೇಕು. ಅಂದರೆ ಮೊದಲ ತಿಂಗಳು ಮುಗಿಯುವುದರೊಳಗೆ ಎರಡನೇ ಚೀಲ ಮನೆಯಲ್ಲಿರಬೇಕು. ಅಂಗಡಿಯವರು ಈ ಖರ್ಚು ಹೇಳುವುದಿಲ್ಲ.

ಏಪ್ರಿಲ್-ಮೇ ಬಿಸಿಲಿಗೆ ಸೆಟ್ಟಿನಲ್ಲಿ ಏನೂ ಇಲ್ಲ. ನೀರು 25ರಿಂದ 27 ಡಿಗ್ರಿಯಲ್ಲಿರಬೇಕು. ಮೇಲೆ ಫ್ಯಾನ್ ಬಿಟ್ಟರೆ ಎರಡು-ಮೂರು ಡಿಗ್ರಿ ಇಳಿಯುತ್ತದೆ, ಸಾಲದಿದ್ದರೆ ಚಿಲ್ಲರ್. ಫ್ಯಾನಿಗೆ ನೀರು ಬೇಗ ಆರುತ್ತದೆ, ಉಪ್ಪು ಮಾತ್ರ ಒಳಗೇ ಉಳಿಯುತ್ತದೆ. ಆದ್ದರಿಂದ ಕಡಿಮೆಯಾದಷ್ಟನ್ನು ದಿನಾ ಬರೀ ಆರ್‌ಒ ನೀರಿನಿಂದ ತುಂಬಿ. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ, ಕರೆಂಟ್ ಹೋದರೆ ಅದೂ ಇಳಿಯುತ್ತದೆ. ವೇವ್‌ಮೇಕರಿಗೆ ಇನ್ವರ್ಟರ್ ಲೈನ್ ಎಳೆಸಿಕೊಳ್ಳಿ.

“ಮೂರು ದಿನ ಬಿಟ್ಟು ಮೀನ ಬಿಡ್ರಿ ಸರ್, ಏನೂ ಆಗಂಗಿಲ್ಲ” ಅನ್ನುತ್ತಾರೆ ಅಂಗಡಿಯವರು. ಖಂಡಿತ ಆಗುತ್ತದೆ. ಮೀನಿಗೆ ವಿಷವಾದ ಅಮೋನಿಯಾವನ್ನು ತಿನ್ನುವ ಬ್ಯಾಕ್ಟೀರಿಯಾ ಕಲ್ಲಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಖಾಲಿ ಟ್ಯಾಂಕಿಗೆ ಒಂದು ಸೀಗಡಿ ಹಾಕಿ ಕೊಳೆಯಲು ಬಿಡಿ. ಅಮೋನಿಯಾ ಏರಿ ಇಳಿದು, ನೈಟ್ರೈಟ್ ಏರಿ ಇಳಿದು, ಎರಡೂ ಸೊನ್ನೆಯಲ್ಲೇ ನಿಂತ ಮೇಲೆ ಮೀನು ತನ್ನಿ. ಅಲ್ಲಿಯವರೆಗೆ ಮೀನು ಅಂಗಡಿಯಲ್ಲೇ ಇರಲಿ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ತರುವ ದಿನ ಕಣ್ಣೆದುರೇ ಸತ್ತ ಸೀಗಡಿ ತಿನ್ನಿಸಿ ತೋರಿಸಲು ಹೇಳಿ. ತಿನ್ನದ ಮೀನು ಬೇಡ.

ಲಯನ್‌ಫಿಶ್ ಮತ್ತು ಟ್ರಿಗರ್ ಜೋಡಿಯೂ ಹೊಂದುವುದಿಲ್ಲ. ಲಯನ್‌ಫಿಶ್ ತನ್ನ ಬಾಯಲ್ಲಿ ಹಿಡಿಯುವುದನ್ನು ನುಂಗುತ್ತದೆಯೇ ಹೊರತು ಜಗಳಗಂಟಿಯಲ್ಲ. ಟ್ರಿಗರ್ ಅದರ ಉದ್ದ ರೆಕ್ಕೆಗಳನ್ನು ಕಚ್ಚಿ ಕಚ್ಚಿ ಮೊಂಡು ಮಾಡುತ್ತದೆ, ಹೀಟರಿನ ವೈರನ್ನೂ ಬಿಡುವುದಿಲ್ಲ. ಮೈಮೇಲೆ ಕಿತ್ತಳೆ ಗೆರೆಗಳಿರುವ ಅಂಡ್ಯುಲೇಟೆಡ್ ಟ್ರಿಗರ್ ಕೊಟ್ಟರೆ ಒಪ್ಪಲೇಬೇಡಿ, ಅದು ಒಂಟಿಯಾಗಿಯೇ ಇರಬೇಕಾದ ಮೀನು. ಟ್ರಿಗರ್ ಬೇಕೇ ಬೇಕು ಅನ್ನುವವರಿಗೆ ನೈಜರ್ ಟ್ರಿಗರ್ ತುಸು ಸೌಮ್ಯ. ನಮ್ಮ ಕರಾವಳಿಯ ಬಲೆಗಳಿಗೆ ರಾಶಿ ರಾಶಿ ಬೀಳುವ ‘ಕಾರ್ಗಿಲ್ ಮೀನು’ ಅದೇ. ಅದನ್ನೂ ಬೇರೆ ಟ್ಯಾಂಕಿನಲ್ಲಿ ಇಡುವುದೇ ಕ್ಷೇಮ.

ಸೆಟ್ಟಿನ ಜೊತೆ ತಿನ್ನಿಸಲು ಗೋಲ್ಡ್‌ಫಿಶ್ ಪುಕ್ಕಟೆ ಕೊಡುತ್ತಾರಲ್ಲ, ಅದಕ್ಕಿಂತ ಕೆಟ್ಟ ಉಡುಗೊರೆ ಇಲ್ಲ. ಗೋಲ್ಡ್‌ಫಿಶ್‌ನಲ್ಲಿರುವ ಥಯಾಮಿನೇಸ್ ಕಿಣ್ವ ಬಿ1 ವಿಟಮಿನ್ನನ್ನು ಒಡೆಯುತ್ತದೆ. ಅದನ್ನೇ ತಿಂದ ಲಯನ್‌ಫಿಶ್ ತಿಂಗಳುಗಟ್ಟಲೆ ಚೆನ್ನಾಗಿ ಕಂಡು, ಆಮೇಲೆ ಗುರಿ ತಪ್ಪಿ ಬಾಯಿ ಹಾಕುತ್ತ ಸೊರಗುತ್ತದೆ. ಗಣೇಶಪೇಟೆಯ ಮೀನು ಮಾರುಕಟ್ಟೆಯಲ್ಲಿ ತಾಜಾ ಸೀಗಡಿ, ಬೊಂಡಾಸ (ಸ್ಕ್ವಿಡ್), ಸಣ್ಣ ಸಮುದ್ರ ಮೀನು ತಂದು, ತೊಳೆದು, ಬಾಯಿಗೆ ಹಿಡಿಯುವಷ್ಟು ತುಂಡು ಮಾಡಿ ಫ್ರೀಜರಿನಲ್ಲಿಡಿ. ಬರೀ ಸೀಗಡಿ ಬೇಡ, ಬದಲಿಸುತ್ತ ಹಾಕಿ, ವಾರಕ್ಕೊಮ್ಮೆ ವಿಟಮಿನ್ ಹನಿಯಲ್ಲಿ ನೆನೆಸಿ. ಜೀವಂತ ಆಹಾರದ ರೂಢಿಯಾದ ಮೀನನ್ನು ಮೂರು-ನಾಲ್ಕು ದಿನ ಉಪವಾಸ ಬಿಟ್ಟು, ಸಂಜೆ ಬೆಳಕು ಆರಿಸಿ, ಉದ್ದನೆಯ ಅಕ್ರಿಲಿಕ್ ಕಡ್ಡಿಯ ತುದಿಗೆ ತುಂಡು ಸಿಕ್ಕಿಸಿ, ಮೂತಿಯ ಮುಂದೆ ಈಜುವ ಹಾಗೆ ಅಲ್ಲಾಡಿಸಿ. ಮೊದಲು ರೆಕ್ಕೆ ಅಗಲಿಸಿ ನಿಂತು ನೋಡುತ್ತದೆ, ಆಮೇಲೆ ತಟಕ್ಕನೆ ಎಳೆದುಕೊಳ್ಳುತ್ತದೆ. ದೊಡ್ಡದಕ್ಕೆ ವಾರಕ್ಕೆ ಎರಡು-ಮೂರು ಸಲ ಸಾಕು. ಉಳಿದ ತುಂಡನ್ನು ಆಗಲೇ ತೆಗೆಯಿರಿ.

ತಿಂಗಳಿಗೊಮ್ಮೆ ಸರ್ವಿಸ್‌ಗೆ ಬರುವ ಹುಡುಗ ಚುರುಕು, ಹೇಳಿದ ಸಮಯಕ್ಕೆ ಬರುತ್ತಾನೆ. ಆದರೆ ಫಿಲ್ಟರಿನ ಸ್ಪಂಜನ್ನು ನಳದ ನೀರಲ್ಲಿ ತೊಳೆಯುತ್ತಾನೆ, ಕ್ಲೋರಿನ್ನಿಗೆ ಬ್ಯಾಕ್ಟೀರಿಯಾ ಸಾಯುತ್ತದೆ. ಟ್ಯಾಂಕಿನಿಂದ ತೆಗೆದ ನೀರಲ್ಲೇ ಅದ್ದಿ ಹಿಂಡಲು ಹೇಳಿ. ಬಕೆಟ್, ಪೈಪ್ ನಿಮ್ಮವೇ ಇರಲಿ, ಬೇರೆ ಮನೆಯ ಟ್ಯಾಂಕಿನ ರೋಗ ಅವುಗಳ ಜೊತೆಗೇ ಬರುತ್ತದೆ.

ಮುಳ್ಳಿನ ಬಗ್ಗೆ ಅಂಗಡಿಯಲ್ಲಿ ಒಂದು ಮಾತೂ ಹೇಳುವುದಿಲ್ಲ, ಇದನ್ನು ಮನ್ನಿಸಲಾಗದು. ಲಯನ್‌ಫಿಶ್‌ನ ಬೆನ್ನಿನ 13 ಮುಳ್ಳುಗಳಲ್ಲೂ ಹೊಟ್ಟೆಯ ಕಡೆಯ ಮುಳ್ಳುಗಳಲ್ಲೂ ವಿಷವಿದೆ. ಕೈ ಹಾಕುವ ಮೊದಲು ಮೀನು ಎಲ್ಲಿದೆ ಅಂತ ನೋಡಿ, ಮತ್ತೊಬ್ಬರನ್ನು ಕಾವಲಿಗೆ ನಿಲ್ಲಿಸಿ. ಚುಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು ಬೇಡ. ಸುಮಾರು 45 ಡಿಗ್ರಿಯ ನೀರಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಕೈ ಮುಳುಗಿಸಿಡಿ. ನೋವಿನಲ್ಲಿ ಬಿಸಿ ತಿಳಿಯುವುದಿಲ್ಲ, ಆದ್ದರಿಂದ ನೀರನ್ನು ಚುಚ್ಚದ ಕೈಯಿಂದ ಮುಟ್ಟಿ ನೋಡಿ. ಹೇಗೂ ವೈದ್ಯರಿಗೆ ತೋರಿಸಲೇಬೇಕು. ಉಸಿರು ಕಟ್ಟಿದರೆ, ತಲೆ ಸುತ್ತಿದರೆ ಬಿಸಿನೀರಿಗೂ ಕಾಯದೆ ನೇರವಾಗಿ ಆಸ್ಪತ್ರೆಗೆ.