ಕೆಂಪು ಬೆಳಕಿನಡಿ ಹಾಜರಿ: ಫೆಟ್ ಸಿಮ್ಯುಲೇಶನ್‌ಗಳೊಂದಿಗೆ ಎಂಟು ವರ್ಷ

ಸರ್ಕಾರಿ ಪದವಿಪೂರ್ವ ಕಾಲೇಜೊಂದರಲ್ಲಿ ದ್ವಿತೀಯ ಪಿಯುಸಿಗೆ ಭೌತಶಾಸ್ತ್ರ ಕಲಿಸುವ ನನಗೆ, ಪಠ್ಯದ ಕೊನೆಯ ಭಾಗದಲ್ಲಿ ಬರುವ ಆಧುನಿಕ ಭೌತಶಾಸ್ತ್ರದ ಅಧ್ಯಾಯಗಳು ಬಹುಕಾಲ ಕಪ್ಪುಹಲಗೆಯ ಮೇಲಿನ ಗ್ರಾಫ್‌ಗಳಾಗಿಯೇ ಉಳಿದಿದ್ದವು. ಲೋಲಕವನ್ನು ತೂಗಿ ತೋರಿಸಬಹುದು, ಮಸೂರವನ್ನು ಮಕ್ಕಳ ಕೈಗೆ ಕೊಡಬಹುದು. ಆದರೆ ಬೆಳಕು ಬಿದ್ದಾಗ ಲೋಹದ ತಟ್ಟೆಯಿಂದ ಎಲೆಕ್ಟ್ರಾನ್ ಹೊರಬೀಳುತ್ತದೆ ಎಂಬುದನ್ನು ತೋರಿಸುವ ಉಪಕರಣ ನಮ್ಮ ಪ್ರಯೋಗಾಲಯದಲ್ಲಿ ಅಂದು ಇರಲಿಲ್ಲ, ಇಂದಿಗೂ ಇಲ್ಲ. ಆ ಕೊರತೆಯನ್ನು ತುಂಬಿಕೊಳ್ಳಲು ನಾನು ಎಂಟು ವರ್ಷಗಳಿಂದ ಬಳಸುತ್ತಿರುವುದು ಅಮೆರಿಕದ ಕೊಲೊರಾಡೊ ಬೌಲ್ಡರ್ ವಿಶ್ವವಿದ್ಯಾಲಯದ ಫೆಟ್ (PhET) ಯೋಜನೆಯ, ಪ್ರಯೋಗವನ್ನು ಕಂಪ್ಯೂಟರ್ ಪರದೆಯ ಮೇಲೆ ನಡೆಸಿ ತೋರಿಸುವ ಉಚಿತ ಸಿಮ್ಯುಲೇಶನ್‌ಗಳನ್ನು. ಬೋಸ್–ಐನ್‌ಸ್ಟೈನ್ ಕಂಡೆನ್ಸೇಟನ್ನು (ಅತಿ ಶೀತದಲ್ಲಿ ಪರಮಾಣುಗಳು ಒಂದೇ ಸ್ಥಿತಿಗೆ ಬರುವ ವಸ್ತುರೂಪ) ಪ್ರಯೋಗದಲ್ಲಿ ಪಡೆದುದಕ್ಕಾಗಿ 2001ರ ನೊಬೆಲ್ ಪ್ರಶಸ್ತಿಯನ್ನು ಇಬ್ಬರೊಡನೆ ಹಂಚಿಕೊಂಡ ಕಾರ್ಲ್ ವೈಮನ್, ಮರುವರ್ಷವೇ ಆರಂಭಿಸಿದ ಯೋಜನೆ ಇದು. ನಮ್ಮ ಸತ್ಯೇಂದ್ರನಾಥ ಬೋಸರ ಹೆಸರನ್ನು ಹೊತ್ತ ಒಂದು ಸಂಶೋಧನೆಗೂ ತಮ್ಮ ತರಗತಿಯ ಗೋಡೆಯ ಮೇಲೆ ಮೂಡುವ ಚಿತ್ರಕ್ಕೂ ಹೀಗೊಂದು ನಂಟಿದೆ ಎಂದು ಹೇಳಿದಾಗ ಮಕ್ಕಳು ಪ್ರತಿ ವರ್ಷವೂ ನೆಟ್ಟಗೆ ಕೂರುತ್ತಾರೆ.

ಇದಕ್ಕೆ ನಾನು ಮಾಡಿದ ಖರ್ಚು ಒಂದು ಪೆನ್‌ಡ್ರೈವ್ ಮಾತ್ರ. ಬೆಳಕು ಬಿದ್ದು ಲೋಹದಿಂದ ಎಲೆಕ್ಟ್ರಾನ್ ಹೊರಬೀಳುವ ಈ ದ್ಯುತಿವಿದ್ಯುತ್ ಪರಿಣಾಮದ ಸಿಮ್ಯುಲೇಶನ್ ನಾನು ಮೊದಲು ಕಂಡಾಗ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿತ್ತು. ಆ ಕಡತವನ್ನು ಮನೆಯಲ್ಲಿ ಒಮ್ಮೆ ಇಳಿಸಿಕೊಂಡು ತಂದರೆ ಕಾಲೇಜಿನಲ್ಲಿ ಇಂಟರ್‌ನೆಟ್ ಇರಲಿ, ಇಲ್ಲದಿರಲಿ, ತರಗತಿ ನಿಲ್ಲುತ್ತಿರಲಿಲ್ಲ. ಇಂದಿಗೂ ಅದೇ ಹಳೆಯ ಕಡತವನ್ನೇ ಬಳಸುತ್ತಿದ್ದೇನೆ. ಆ ದಿನ ಬೆಳಿಗ್ಗೆ ಲ್ಯಾಪ್‌ಟಾಪನ್ನು ಪೂರ್ತಿ ಚಾರ್ಜ್ ಮಾಡಿಕೊಂಡು ಹೋಗುತ್ತೇನೆ, ಏಕೆಂದರೆ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದು. ಇಬ್ಬರು ಹುಡುಗರು ಕಿಟಕಿಗಳಿಗೆ ಹಳೆಯ ಫ್ಲೆಕ್ಸ್ ಬ್ಯಾನರ್‌ಗಳನ್ನು ಕಟ್ಟಿ ಕೊಠಡಿಯನ್ನು ಕತ್ತಲು ಮಾಡುತ್ತಾರೆ. ಎಲ್ಲರೂ ನೋಟ್‌ಬುಕ್ಕಿನಲ್ಲಿ ‘ನನ್ನ ಊಹೆ’ ಎಂಬ ತಲೆಬರಹ ಬರೆದು ಅದರ ಕೆಳಗೆ ಪೆನ್ನಿನಲ್ಲೇ ಉತ್ತರ ಬರೆಯಬೇಕು. ಪೆನ್ಸಿಲ್ಲಿಗೆ ಅವಕಾಶವಿಲ್ಲ, ಏಕೆಂದರೆ ತಪ್ಪಾದ ಊಹೆಯನ್ನು ಅಳಿಸಿಬಿಟ್ಟರೆ ಆ ದಿನದ ಅತ್ಯಂತ ಬೆಲೆಯುಳ್ಳ ದಾಖಲೆಯೇ ಕಳೆದುಹೋಗುತ್ತದೆ.

ಮೊದಲು ಸೋಡಿಯಂ ತಟ್ಟೆಯ ಮೇಲೆ ಕೆಂಪು ಬೆಳಕನ್ನು ಪೂರ್ಣ ತೀವ್ರತೆಯಲ್ಲಿ ಬಿಡುತ್ತೇನೆ. ಏನೂ ಆಗುವುದಿಲ್ಲ. ಆಗ ಯಾವುದಾದರೂ ಬೆಂಚಿನಿಂದ, ಒಂದು ವರ್ಷವೂ ತಪ್ಪದಂತೆ, “ಇನ್ನೂ ಸ್ವಲ್ಪ ಹೊತ್ತು ಇಡ್ರಿ ಮೇಡಂ, ಕಾದ್ರೆ ಬರಬಹುದು” ಎಂಬ ಮಾತು ಬರುತ್ತದೆ. ಒಲೆಯ ಮೇಲಿಟ್ಟ ನೀರು ತಡವಾಗಿಯಾದರೂ ಕುದಿಯುವುದನ್ನು ಕಂಡ ಮಗುವಿಗೆ ಅದಕ್ಕಿಂತ ಸಹಜವಾದ ಊಹೆ ಇನ್ನೊಂದಿಲ್ಲ. ಬೆಳಕನ್ನು ಅಲೆಯೆಂದು ಮಾತ್ರ ಭಾವಿಸಿದ್ದ ಹತ್ತೊಂಬತ್ತನೆಯ ಶತಮಾನದ ಭೌತಶಾಸ್ತ್ರ ಹೇಳಬಹುದಾಗಿದ್ದುದೂ ಅದನ್ನೇ. ಆದ್ದರಿಂದ ನಾನು ಆ ಮಾತನ್ನು ತಳ್ಳಿಹಾಕದೆ, ಕೆಂಪು ಬೆಳಕನ್ನು ಹಾಗೆಯೇ ಬಿಟ್ಟು ಹಾಜರಿ ಕರೆಯುತ್ತೇನೆ. ಅರವತ್ತಕ್ಕೂ ಹೆಚ್ಚು ಹೆಸರುಗಳು ಮುಗಿಯುವವರೆಗೂ ಮಕ್ಕಳ ಕಣ್ಣು ತಟ್ಟೆಯ ಮೇಲೆಯೇ ಇರುತ್ತದೆ. ಒಂದು ಎಲೆಕ್ಟ್ರಾನೂ ಹೊರಡುವುದಿಲ್ಲ. ಬಳಿಕ ತೀವ್ರತೆಯನ್ನು ತೀರ ಕಡಿಮೆ ಮಾಡಿ ಬಣ್ಣವನ್ನು ನೇರಳೆಗೆ ಸರಿಸಿದರೆ, ಮಂಕಾದ ಆ ಬೆಳಕಿನಲ್ಲಿಯೂ ಮೊದಲ ಎಲೆಕ್ಟ್ರಾನ್ ತಡವಿಲ್ಲದೆ ಹೊರಟುಬಿಡುತ್ತದೆ. 1905ರಲ್ಲಿ ಐನ್‌ಸ್ಟೈನ್ ಬರೆದ ಸಮೀಕರಣವನ್ನು (ಬೆಳಕಿನ ಒಂದು ಕಣದ ಶಕ್ತಿಯಲ್ಲಿ ಎಲೆಕ್ಟ್ರಾನನ್ನು ಲೋಹದಿಂದ ಬಿಡಿಸಲು ಬೇಕಾದಷ್ಟನ್ನು ಕಳೆದರೆ ಉಳಿಯುವುದೇ ಹೊರಟ ಎಲೆಕ್ಟ್ರಾನಿನ ಗರಿಷ್ಠ ಶಕ್ತಿ) ನಾನು ಹಲಗೆಯ ಮೇಲೆ ಬರೆಯುವುದು ಇದಾದ ಮೇಲೆಯೇ.

ಇಷ್ಟು ಚೆನ್ನಾಗಿ ನಡೆಯುತ್ತಿದ್ದ ಪಾಠ ಮೂರನೆಯ ವರ್ಷದಲ್ಲಿ ನನ್ನನ್ನೇ ಕಟಕಟೆಯಲ್ಲಿ ನಿಲ್ಲಿಸಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳ ಕೈಗೆ ಮೌಸ್ ಕೊಟ್ಟಿದ್ದೆ. ಅವಳು ತೀವ್ರತೆಯನ್ನು ಮುಟ್ಟದೆ ತರಂಗದೂರವನ್ನು 400 ನ್ಯಾನೊಮೀಟರಿನಿಂದ ಅತಿನೇರಳೆಯ ಕಡೆಗೆ ಇಳಿಸುತ್ತ ಹೋದಳು. ಎಲೆಕ್ಟ್ರಾನುಗಳು ಮೊದಲಿಗಿಂತ ವೇಗವಾಗಿ ಓಡತೊಡಗಿದವು, ಆದರೆ ವಿದ್ಯುತ್ ಪ್ರವಾಹ ಕಡಿಮೆಯಾಗತೊಡಗಿತು. “ಶಕ್ತಿ ಹೆಚ್ಚಾದರೂ ಕರೆಂಟ್ ಯಾಕೆ ಇಳೀತದ ಮೇಡಂ?” ಎಂದು ಅವಳು ಕೇಳಿದಳು. ಪ್ರವಾಹವು ಬೆಳಕಿನ ಆವೃತ್ತಿಯನ್ನು (ತರಂಗದೂರ ಇಳಿದಂತೆ ಏರುವ ಕಂಪನಸಂಖ್ಯೆಯನ್ನು) ಅವಲಂಬಿಸುವುದಿಲ್ಲ, ತೀವ್ರತೆಯನ್ನು ಮಾತ್ರ ಅವಲಂಬಿಸುತ್ತದೆ ಎಂದು ಅಷ್ಟು ವರ್ಷ ಬರೆಸುತ್ತ ಬಂದಿದ್ದ ನಾನು, ಅದು ಪ್ರೋಗ್ರಾಮಿನ ದೋಷವಿರಬೇಕೆಂದು ಹೇಳಿ ಮುಂದೆ ಸಾಗಿದೆ. ಆ ಉತ್ತರದ ಬಗ್ಗೆ ನನಗೆ ಇಂದಿಗೂ ನೋವಿದೆ.

ಅಂದು ರಾತ್ರಿ ಮನೆಯಲ್ಲಿ ಲೆಕ್ಕ ಹಾಕಿದಾಗ ದೋಷ ಎಲ್ಲಿತ್ತೆಂಬುದು ತಿಳಿಯಿತು. ತೀವ್ರತೆಯೆಂದರೆ ಪ್ರತಿ ಸೆಕೆಂಡಿಗೆ ಒಂದು ಚದರ ಮೀಟರಿನ ಮೇಲೆ ಬೀಳುವ ಶಕ್ತಿ; ಬೆಳಕಿನ ಕಣಗಳಾದ ಫೋಟಾನುಗಳ ಸಂಖ್ಯೆಯಲ್ಲ. 400 ನ್ಯಾನೊಮೀಟರಿನ ಒಂದು ಫೋಟಾನಿನ ಶಕ್ತಿ ಸುಮಾರು 3.1 ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದಲ್ಲಿ ಶಕ್ತಿಯನ್ನು ಅಳೆಯುವ ಮಾನ), 200 ನ್ಯಾನೊಮೀಟರಿನದು 6.2. ತೀವ್ರತೆಯನ್ನು ಬದಲಿಸದೆ ತರಂಗದೂರವನ್ನು ಅರ್ಧಕ್ಕೆ ಇಳಿಸಿದರೆ ಅಷ್ಟೇ ಶಕ್ತಿ ಅರ್ಧದಷ್ಟು ಫೋಟಾನುಗಳಲ್ಲಿ ಬರುತ್ತದೆ; ಬಂದು ಬಡಿಯುವ ಫೋಟಾನುಗಳೇ ಕಡಿಮೆಯಾದ ಮೇಲೆ ಹೊರಡುವ ಎಲೆಕ್ಟ್ರಾನುಗಳೂ ಕಡಿಮೆಯಾಗುತ್ತವೆ. ಸಿಮ್ಯುಲೇಶನ್ ಸರಿಯಾಗಿತ್ತು, ನನ್ನ ಟಿಪ್ಪಣಿ ಅಪೂರ್ಣವಾಗಿತ್ತು. ಅದರ ಆಯ್ಕೆಗಳ ಪಟ್ಟಿಯಲ್ಲಿ, ತೀವ್ರತೆಯ ಬದಲು ಫೋಟಾನುಗಳ ಸಂಖ್ಯೆಯನ್ನೇ ನಿಯಂತ್ರಿಸುವ ಒಂದು ಸಾಲೂ ಇತ್ತು. ಅಲ್ಲಿಯವರೆಗೆ ನಾನು ಆ ಪಟ್ಟಿಯನ್ನು ತೆರೆದೇ ನೋಡಿರಲಿಲ್ಲ. ಮರುದಿನ ತರಗತಿಯೆದುರು ನನ್ನ ತಪ್ಪನ್ನು ಒಪ್ಪಿಕೊಂಡು, ಆ ಹುಡುಗಿಯಿಂದಲೇ ಎರಡೂ ವಿಧಾನಗಳಲ್ಲಿ ಮಾಡಿಸಿ ತೋರಿಸಿದೆ. ಅಂದಿನಿಂದ ಈ ಪ್ರಶ್ನೆಯನ್ನು ನಾನೇ ಎತ್ತುತ್ತೇನೆ, ಅದಕ್ಕಾಗಿ ಒಂದು ಪೂರ್ತಿ ತರಗತಿಯನ್ನು ಮೀಸಲಿಡುತ್ತೇನೆ. ಬೋಧಕರಿಗೆ ನನ್ನ ಒಂದೇ ವಿನಂತಿ: ಬಳಸುವ ಮೊದಲು ಎಲ್ಲ ಆಯ್ಕೆಗಳನ್ನೂ ಒಮ್ಮೆ ತೆರೆದು ನೋಡಿರಿ.

ರುದರ್‌ಫೋರ್ಡ್ ಚದುರುವಿಕೆ (ಪರಮಾಣುವಿನ ನ್ಯೂಕ್ಲಿಯಸ್ಸಿನಿಂದ ಕಣಗಳು ಚದುರುವುದು) ಮತ್ತು ಕೃಷ್ಣಕಾಯದ (ಬಿದ್ದ ಬೆಳಕನ್ನೆಲ್ಲ ಹೀರುವ ಆದರ್ಶ ಕಾಯದ) ವರ್ಣಪಟಲಗಳ ಸಿಮ್ಯುಲೇಶನ್‌ಗಳು ಮೊಬೈಲಿನಲ್ಲಿಯೂ ನಡೆಯುವುದರಿಂದ ಅವನ್ನು ಮನೆಗೆಲಸಕ್ಕೆ ಕೊಡುತ್ತೇನೆ. ಅವುಗಳ ಬಗ್ಗೆ ದೂರುವುದಕ್ಕೇನೂ ಇಲ್ಲ. ಬೇಸರವಾದದ್ದು ಇನ್ನೊಂದು ಕಡೆ. ಪಾಠಕ್ಕೆ ಹೊಂದುವ ಅಭ್ಯಾಸಪತ್ರಗಳನ್ನು ಉಚಿತವಾಗಿ ಕೊಡುತ್ತೇವೆಂದ ಒಂದು ಜಾಲತಾಣವನ್ನು ನಂಬಿ ಇಡೀ ವರ್ಷದ ಪಾಠಯೋಜನೆಯನ್ನು ಅದರ ಸುತ್ತ ಕಟ್ಟಿದ್ದೆ. ಮೊದಲು ನೋಂದಣಿ ಕೇಳಿದರು, ಆಮೇಲೆ ಮಕ್ಕಳ ಫೋನ್ ಸಂಖ್ಯೆ ಕೇಳಿದರು, ಮರುವರ್ಷ ಹಣ ಕೇಳಿದರು. ಮಕ್ಕಳ ಫೋನ್ ಸಂಖ್ಯೆಯನ್ನು ಬೆಲೆಯಾಗಿ ಕೇಳುವುದನ್ನು ಉಚಿತವೆಂದು ನಾನು ಒಪ್ಪಲಾರೆ. ಈಗ ಅಭ್ಯಾಸಪತ್ರಗಳನ್ನು ನಾನೇ ಬರೆಯುತ್ತೇನೆ. ಪ್ರಶ್ನೆ ಕನ್ನಡದಲ್ಲಿ, ಪಾರಿಭಾಷಿಕ ಪದ ಇಂಗ್ಲಿಷಿನಲ್ಲಿ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಆ ಎರಡು ಭಾಷೆಗಳ ನಡುವಿನ ದಾರಿ ಸುಗಮವಾಗಬೇಕು.

ಇನ್ನೊಂದು ಸಂಗತಿ ಹಲವು ವರ್ಷ ಕಾಡಿತು. ಪರದೆಯ ಸೋಡಿಯಂನಲ್ಲಿ ಎಲೆಕ್ಟ್ರಾನ್ ಹೊರಡಲು ಆರಂಭಿಸುವುದು ಸುಮಾರು 540 ನ್ಯಾನೊಮೀಟರಿನ ಬಳಿ. ಎಂದರೆ ಎಲೆಕ್ಟ್ರಾನನ್ನು ಲೋಹದಿಂದ ಬಿಡಿಸಲು ಬೇಕಾದ ಕನಿಷ್ಠ ಶಕ್ತಿ, ಅದರ ವರ್ಕ್ ಫಂಕ್ಷನ್, ಸುಮಾರು 2.3 ಎಲೆಕ್ಟ್ರಾನ್ ವೋಲ್ಟ್. ನಾವು ಬಳಸುವ ಪಠ್ಯದ ಕೋಷ್ಟಕದಲ್ಲಿ ಅದು 2.75. ಯಾವುದನ್ನು ಬರೆಯಬೇಕೆಂದು ಮಕ್ಕಳು ಕೇಳುತ್ತಾರೆ. ಪರೀಕ್ಷೆಗೆ ಪ್ರಶ್ನೆಪತ್ರಿಕೆಯಲ್ಲಿ ಕೊಟ್ಟದ್ದನ್ನೇ ಬಳಸಿರಿ ಎನ್ನುತ್ತೇನೆ, ಆದರೆ ಅಲ್ಲಿಗೆ ನಿಲ್ಲಿಸುವುದಿಲ್ಲ. ಈ ಮೌಲ್ಯವು ಲೋಹದ ಮೇಲ್ಮೈಯ ಸ್ಥಿತಿಯನ್ನು ಬಹಳ ಅವಲಂಬಿಸುತ್ತದೆ. ಐನ್‌ಸ್ಟೈನರ ಸಮೀಕರಣವನ್ನು ಪರೀಕ್ಷಿಸಲು ಹೊರಟ ಅಮೆರಿಕದ ಭೌತವಿಜ್ಞಾನಿ ಮಿಲಿಕನ್, ಗಾಳಿ ಸೋಕಿದರೆ ಮೇಲ್ಮೈ ಕೆಡುತ್ತದೆಂದು ನಿರ್ವಾತ ನಳಿಕೆಯೊಳಗೇ ಚಾಕುವೊಂದನ್ನು ಅಳವಡಿಸಿ ಸೋಡಿಯಂ, ಪೊಟ್ಯಾಸಿಯಂ, ಲಿಥಿಯಂಗಳ ಮೇಲ್ಮೈಯನ್ನು ಹೆರೆದು ಅಳತೆ ಮಾಡಿದ್ದರು. ಬೆಳಕಿನ ಕಣಗಳ ಕಲ್ಪನೆಯನ್ನು ನಂಬದೆಯೇ, 1916ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಆ ಸಮೀಕರಣವನ್ನು ಎತ್ತಿಹಿಡಿಯಿತು. ಪರದೆಯ ಲೋಹಕ್ಕೆ ಎಂದೂ ಕಿಲುಬು ಹಿಡಿಯುವುದಿಲ್ಲ. ಯಾವ ಸಿಮ್ಯುಲೇಶನ್ನೂ ಆ ಹೆರೆಯುವ ಕಷ್ಟವನ್ನು ಕಲಿಸಲಾರದು.

ಆ ಕಷ್ಟದ ಒಂದಂಶವಾದರೂ ಮಕ್ಕಳ ಕೈಗೆ ಸಿಗಲೆಂದು ನಾಲ್ಕು ವರ್ಷಗಳಿಂದ ಎಲ್‌ಇಡಿ ಪ್ರಯೋಗವನ್ನೂ ಸೇರಿಸಿಕೊಂಡಿದ್ದೇನೆ. ಕೆನಡಾದ ವಾಟರ್‌ಲೂ ನಗರದ ಪೆರಿಮೀಟರ್ ಸಂಸ್ಥೆ ಶಿಕ್ಷಕರಿಗೆಂದು ಉಚಿತವಾಗಿ ಕೊಡುವ ಸಾಮಗ್ರಿಯಲ್ಲಿ, ಎಲ್‌ಇಡಿಗಳಿಂದ ಪ್ಲಾಂಕ್ ಸ್ಥಿರಾಂಕವನ್ನು (ಫೋಟಾನಿನ ಶಕ್ತಿಗೂ ಬೆಳಕಿನ ಆವೃತ್ತಿಗೂ ಇರುವ ಅನುಪಾತವನ್ನು) ಅಳೆಯುವ ಪಾಠವೊಂದಿದೆ. ಒಂಬತ್ತು ವೋಲ್ಟಿನ ಬ್ಯಾಟರಿ, ಒಂದು ರೆಸಿಸ್ಟರ್, ವೋಲ್ಟೇಜ್ ಏರಿಳಿಸಲು ತಿರುಗಿಸುವ ಪೊಟೆನ್ಶಿಯೊಮೀಟರ್, ನಾಲ್ಕು ಬಣ್ಣದ ಎಲ್‌ಇಡಿಗಳು, ಕಾಲೇಜಿನ ಮಲ್ಟಿಮೀಟರ್ ಇದ್ದರೆ ಸಾಕು. ಎಲ್‌ಇಡಿಗೆ ಕಪ್ಪು ಕಾಗದದ ಕೊಳವೆ ತೊಡಿಸಿ, ಒಂದು ಕಣ್ಣು ಮುಚ್ಚಿ ಇಣುಕುತ್ತ, ಬೆಳಕು ಆಗಷ್ಟೇ ಕಾಣಿಸಿಕೊಂಡ ಕ್ಷಣದ ವೋಲ್ಟೇಜನ್ನು ಗೆಳೆಯನಿಗೆ ಕೂಗಿ ಹೇಳಬೇಕು. 630 ನ್ಯಾನೊಮೀಟರಿನ ಕೆಂಪು ಎಲ್‌ಇಡಿ 1.7 ವೋಲ್ಟಿನಲ್ಲಿ ಮಿನುಗಿದರೆ ಸ್ಥಿರಾಂಕ 5.7×10⁻³⁴ ಜೌಲ್ ಸೆಕೆಂಡ್ ಎಂದು ಬರುತ್ತದೆ. ಒಪ್ಪಿತ ಮೌಲ್ಯ 6.626×10⁻³⁴. ಒಂದೊಂದು ಗುಂಪಿಗೆ ಒಂದೊಂದು ಉತ್ತರ ಬರುವುದರಿಂದ ವಾದ ಏಳುತ್ತದೆ: ಕಣ್ಣು ಕತ್ತಲೆಗೆ ಹೊಂದಿಕೊಂಡಿತ್ತೇ, ಮಿನುಗಿದ್ದು ಅದೇ ಕ್ಷಣವೇ, ಮೀಟರಿನ ಬ್ಯಾಟರಿ ಇಳಿದಿದೆಯೇ?

ಫೆಟ್‌ನಲ್ಲಿ ಕನ್ನಡಕ್ಕೆ ಅನುವಾದಗೊಂಡ ಸಿಮ್ಯುಲೇಶನ್‌ಗಳೂ ಇವೆ, ಅನುವಾದದ ಕೆಲಸಕ್ಕೆ ಸ್ವಯಂಸೇವಕರಿಗೆ ಬಾಗಿಲು ತೆರೆದಿದೆ. ದೊಡ್ಡ ಪ್ರಯೋಗಾಲಯವಿರುವ ಕಾಲೇಜುಗಳಿಗೆ ಇವು ಪೂರಕ ಮಾತ್ರವಾಗಬಹುದು. ನನ್ನಂಥವರಿಗೆ ಇವಿಲ್ಲದೆ ಈ ಅಧ್ಯಾಯ ನಡೆಯದು. ಈ ವರ್ಷದ ತಂಡಕ್ಕೆ ಕೆಂಪು ಬೆಳಕಿನ ಪಾಠ ಮುಂದಿನ ವಾರವಿದೆ. ಹಳೆಯ ಬ್ಯಾನರ್‌ಗಳು ಹರಿದಿರುವುದರಿಂದ, ಕಿಟಕಿಗಳಿಗೆ ಈ ಸಲ ಮನೆಯಿಂದ ಎರಡು ಹಳೆಯ ಕಂಬಳಿಗಳನ್ನು ಒಯ್ಯುತ್ತಿದ್ದೇನೆ.